ಬಾಯಿಚಪಲ ಶುರುವಾಗುವುದು ಮಧ್ಯಾಹ್ನ

ತೂಕ ಇಳಿಸಲು ಬರುವವರ ಮೊದಲ ಮಾತು ಹೆಚ್ಚುಕಡಿಮೆ ಒಂದೇ. "ಮೇಡಂ, ಹಗಲೆಲ್ಲ ಕಟ್ಟುನಿಟ್ಟಾಗಿ ಇರ್ತೀನಿ. ರಾತ್ರಿ ಹತ್ತಾದ ಮೇಲೆ ಬಾಯಿಚಪಲ ತಡೆಯೋಕೆ ಆಗಲ್ಲ. ನನ್ನ ಮನಸ್ಸೇ ಗಟ್ಟಿ ಇಲ್ಲ."

ರಾತ್ರಿ ಏನು ತಿಂದಿರಿ ಅಂತ ನಾನು ಕೇಳುವುದಿಲ್ಲ. ಮಧ್ಯಾಹ್ನ ಏನು ತಿಂದಿರಿ ಅಂತ ಕೇಳುತ್ತೇನೆ. "ಒಂದೇ ಒಂದು ಸೇಬು" ಅನ್ನುತ್ತಾರೆ, ಹೆಮ್ಮೆಯಿಂದ. ಅಲ್ಲೇ ನನಗೆ ತಲೆ ಬಿಸಿಯಾಗುವುದು.

ಹೊಟ್ಟೆ ಖಾಲಿ ಇದ್ದಾಗ ಗ್ರೆಲಿನ್ ಅನ್ನುವ ಹಾರ್ಮೋನು ಏರುತ್ತದೆ. ಅದು ಹಸಿವನ್ನಷ್ಟೇ ಹೆಚ್ಚಿಸುವುದಿಲ್ಲ, ಮಿದುಳಿಗೆ ತಿಂಡಿಯ ಆಸೆಯನ್ನೂ ಹತ್ತಿಸುತ್ತದೆ. ಅದೂ ಸೊಪ್ಪು ತರಕಾರಿಯ ಆಸೆಯಲ್ಲ, ಸಿಹಿ ಮತ್ತು ಕರಿದದ್ದರ ಆಸೆ. ಜೊತೆಗೆ ತೂಕ ಇಳಿದಂತೆ ಕೊಬ್ಬಿನಿಂದ ಬರುವ ಲೆಪ್ಟಿನ್ ಅನ್ನುವ ಹಾರ್ಮೋನು ಕಡಿಮೆಯಾಗುತ್ತದೆ. 'ಸಾಕು' ಅಂತ ಹೇಳಬೇಕಾದದ್ದೇ ಅದು. ಅಂದರೆ ಹಗಲೆಲ್ಲ ನೀವೇ ಕೂಡಿಟ್ಟ ಹಸಿವು ರಾತ್ರಿ ಚಪಲದ ವೇಷದಲ್ಲಿ ಬರುತ್ತದೆ. ಮತ್ತೆ ಹೇಳುತ್ತೇನೆ, ಏಕೆಂದರೆ ಎಲ್ಲರೂ ತಲೆಯಾಡಿಸಿ ಮನೆಗೆ ಹೋಗಿ ಮರೆಯುತ್ತಾರೆ: ರಾತ್ರಿ ತಿಂದದ್ದಕ್ಕೆ ಮರುದಿನ ಉಪವಾಸ ಮಾಡಿದರೆ, ಮರುದಿನ ರಾತ್ರಿಯೂ ಅದೇ ಕಥೆ.

ಮನಸ್ಸು ಗಟ್ಟಿ ಇಲ್ಲ ಅನ್ನುವವರಿಗೆ ನಾನು ಅಮೆರಿಕದ ಮಿನೆಸೋಟದ ಪ್ರಯೋಗದ ವಿಷಯ ಹೇಳುತ್ತೇನೆ. 1944-45ರಲ್ಲಿ 36 ಗಂಡಸರಿಗೆ ಸುಮಾರು ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟರು. ಅಡುಗೆಯಲ್ಲಿ ಆಸಕ್ತಿಯೇ ಇಲ್ಲದವರೂ ಅಡುಗೆ ಪುಸ್ತಕ ಓದುತ್ತಾ ಕೂತರು. ಮಾತೆಲ್ಲ ಊಟದ್ದೇ. ಇವರು ಸಾಮಾನ್ಯರಲ್ಲ, ಯುದ್ಧ ತಪ್ಪು ಅಂತ ನಂಬಿ ಬಂದೂಕು ಹಿಡಿಯಲು ಒಪ್ಪದೆ ನಿಂತವರು. ಅವರ ಮನಸ್ಸು ಗಟ್ಟಿ ಇರಲಿಲ್ಲ ಅನ್ನೋಕಾಗುತ್ತಾ?

ಎಲ್ಲ ಚಪಲಕ್ಕೂ ಹಸಿವೇ ಕಾರಣ ಅಂತ ನಾನು ಹೇಳುತ್ತಿಲ್ಲ. ನಿದ್ದೆಗೆಟ್ಟರೂ ಬರುತ್ತದೆ, ಬೇಜಾರಾದರೂ ಬರುತ್ತದೆ, ಟಿವಿ ಮುಂದೆ ಸುಮ್ನೆ ಕೂತರೂ ಬರುತ್ತದೆ. ಕದ್ದು ತಿನ್ನುವುದು, ಆಮೇಲೆ ವಾಂತಿ ಮಾಡಿಕೊಳ್ಳುವುದು ಇದ್ದರೆ ಅದು ಡಯಟ್ ಪಟ್ಟಿಯಿಂದ ಸರಿಹೋಗುವ ವಿಷಯವಲ್ಲ, ಡಾಕ್ಟರಿಗೆ ತೋರಿಸಿ. ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು ಊಟದ ಹೊತ್ತು ಬದಲಿಸುವ ಮುಂಚೆ ಡಾಕ್ಟರನ್ನು ಕೇಳಲೇಬೇಕು.

ಲೆಕ್ಕಪತ್ರದ ಕೆಲಸದವರೊಬ್ಬರು ಬರುತ್ತಿದ್ದರು, ತುಂಬ ಒಳ್ಳೆಯ ಮನುಷ್ಯ. ಮಧ್ಯಾಹ್ನ ಪ್ರೊಟೀನು, ನಾರು ಇರುವ ಸರಿಯಾದ ಊಟ ಮಾಡಿ, ಸಂಜೆ ಒಂದಿಷ್ಟು ಏನಾದರೂ ತಿನ್ನಿ ಅಂದಾಗ, ತೂಕ ಜಾಸ್ತಿ ಮಾಡಿಕೊಳ್ಳಿ ಅಂದೆನೇನೋ ಎಂಬಂತೆ ನೋಡಿದರು. ಆದರೂ ಮಾಡಿದರು. ಕೆಲವು ವಾರಗಳ ಮೇಲೆ ನಗುತ್ತಾ ಬಂದರು. ಡಬ್ಬಿಯಲ್ಲಿದ್ದ ಬಿಸ್ಕತ್ತು ಯಾರೂ ಮುಟ್ಟದೆ ಮೆತ್ತಗಾಗಿತ್ತಂತೆ. ನನಗೂ ಖುಷಿಯಾಯಿತು. ಏಳುವಾಗ ಕೇಳಿದರು, "ಚಪಲ ಹೋಯ್ತಲ್ಲ ಮೇಡಂ, ಇನ್ನು ಮಧ್ಯಾಹ್ನದ ಊಟ ಬಿಡಬಹುದಾ?"