ಮಂಗನ ಕಾಯಿಲೆ ವೈರಸ್ ನಿಜಕ್ಕೂ ಬದಲಾಯ್ತಾ?

ಸಾಗರ, ತೀರ್ಥಹಳ್ಳಿ, ಸೊರಬ ಕಡೆ ಚಳಿ ಶುರುವಾದ್ರೆ ಸಾಕು, ಮಂಗನ ಕಾಯಿಲೆ ಲಸಿಕೆ ಯಾಕೆ ನಿಲ್ಸಿದ್ರು ಅನ್ನೋ ಮಾತು ಮತ್ತೆ ಬರುತ್ತೆ. ವೈರಸ್ಸೇ ರೂಪ ಬದಲಿಸ್ಕೊಂಡಿದೆ ಅಂತ ಒಬ್ರು, ಲಸಿಕೇಲಿ ಸತ್ವ ಇರ್ಲಿಲ್ಲ ಅಂತ ಇನ್ನೊಬ್ರು, ಜನಾನೇ ಸರಿಯಾಗಿ ಹಾಕಿಸ್ಕೊಳ್ಲಿಲ್ಲ ಅಂತ ಮತ್ತೊಬ್ರು. ಎಲ್ಲಾ ಕಲಸುಮೇಲೋಗರ ಆಗಿ ಕೂತಿದೆ.

1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮಂಗಗಳು ಸಾಯೋಕೆ ಶುರುವಾದ್ವು, ಕಾಡಂಚಿನ ಜನಕ್ಕೂ ಜ್ವರ ಬಂತು. ಹಳದಿ ಜ್ವರ ಬಂದ್ಬಿಡ್ತಾ ಅಂತ ಮೊದ್ಲು ಗಾಬರಿ, ಪುಣೆಯ ವೈರಸ್ ಸಂಶೋಧನಾ ಕೇಂದ್ರದವ್ರು ಬಂದು ನೋಡಿದ್ರೆ ಉಣುಗಿನಿಂದ ಹರಡೋ ಹೊಸ ವೈರಸ್ಸು, ರಷ್ಯಾ ಕಾಡುಗಳ ಮಿದುಳು ಜ್ವರದ ವೈರಸ್ಸಿಗೆ ಹತ್ರದ ಸಂಬಂಧಿ. ಅಷ್ಟು ದೂರದಿಂದ ಹೆಂಗೆ ಬಂತು ಅಂತ ವಲಸೆ ಹಕ್ಕಿಗಳ ಮೇಲೂ ಅನುಮಾನ ಹೋಯ್ತು. ಮುಂದಿನ ದಶಕಗಳಲ್ಲಿ ಕಾಯಿಲೆ ಅಕ್ಕಪಕ್ಕದ ಜಿಲ್ಲೆಗಳಿಗೆ ಹಬ್ತು, 1990ರಿಂದ ಲಸಿಕೆ ಕೊಡೋಕೆ ಶುರು ಮಾಡಿದ್ರು, ಆದ್ರೂ 2012ರ ಹೊತ್ತಿಗೆ ಬಂಡೀಪುರ, ಆಮೇಲೆ ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗದವರೆಗೂ ಕಾಣಿಸ್ಕೊಂಡಿತು.

ಈಗ ರೂಪ ಬದಲಾವಣೆ ವಿಷಯಕ್ಕೆ ಬರೋಣ, ಜಾಸ್ತಿ ಗೊಂದಲ ಇರೋದೇ ಇಲ್ಲಿ. ಇದು ಆರ್‌ಎನ್‌ಎ ವೈರಸ್, ಸುಮಾರು 11,000 ಅಕ್ಷರಗಳ ಜೀನೋಮ್, ಅಂದ್ರೆ ವೈರಸ್ಸಿನ ಪೂರ್ತಿ ವಂಶವಾಹಿ ಬರಹ. ಹಳೇ ಕಡತಾನ ಒಬ್ಬ ನಕಲು ಬರೀತಾ ಹೋಗಿ, ಬರ್ದಿದ್ದನ್ನ ಯಾರೂ ತಾಳೆ ನೋಡದೇ ಇದ್ರೆ ಹೆಂಗೋ ಹಂಗೆ, ಇದರ ನಕಲು ಮಾಡೋ ಕಿಣ್ವಕ್ಕೆ ತಪ್ಪು ತಿದ್ದೋ ಶಕ್ತಿ ಇಲ್ಲ. ಹಾಗಾಗಿ ಮ್ಯುಟೇಶನ್, ಅಂದ್ರೆ ಈ ನಕಲು ತಪ್ಪುಗಳು, ಆಗ್ತಾನೇ ಇರುತ್ತೆ, ವೈರಸ್ಸಿಗೆ ಬೇಕು ಅಂತಲ್ಲ, ಸುಮ್ನೆ ಆಗೋದು. ಅದ್ರಲ್ಲಿ ಹೆಚ್ಚಿನವು ವೈರಸ್ಸಿಗೇ ಕೇಡು ಇಲ್ಲಾ ನಿರುಪಯೋಗಿ. ಉಳ್ಕೊಳ್ಳೋದು ಯಾವ್ದು ಅಂದ್ರೆ ಉಣುಗಿನ ಮೈಯಲ್ಲೂ ಬದುಕ್ಬೇಕು, ಮಂಗ, ಇಲಿ, ಹೆಗ್ಗಣದ ರಕ್ತದಲ್ಲೂ ಬದುಕ್ಬೇಕು. ಒಂದ್ಕಡೆ ಅನುಕೂಲ ಆಗೋ ಬದಲಾವಣೆ ಇನ್ನೊಂದ್ಕಡೆ ಮುಳುವಾಗ್ಬಹುದು. ಅದೂ ಅಲ್ದೆ ಉಣುಗು ರಕ್ತ ಕುಡಿಯೋದೇ ಜೀವನದಲ್ಲಿ ಮೂರು ಸಲ, ನಡುವೆ ತಿಂಗಳುಗಟ್ಲೆ ದರಕಿನಡಿ ಬಿದ್ದಿರುತ್ತೆ. ಅದಕ್ಕೇ ಈ ಜಾತಿ ವೈರಸ್‌ಗಳು ಫ್ಲೂ ತರ ವರ್ಷ ವರ್ಷ ವೇಷ ಹಾಕಲ್ಲ.

2009ರಲ್ಲಿ ಬಂದ ಒಂದು ಅಧ್ಯಯನದವ್ರು 1957ರಿಂದ 2006ರವರೆಗೆ ಭಾರತದಲ್ಲಿ ಸಿಕ್ಕ 48 ವೈರಸ್‌ಗಳನ್ನ ಹೋಲಿಸಿದಾಗ ಕಂಡ ವ್ಯತ್ಯಾಸ ಬರೀ 1.2%. ಇವೆಲ್ಲದರ ಮೂಲ 1942ರ ಆಸುಪಾಸು ಅಂತಾನೂ ಅವರ ಅಂದಾಜು. ಎರಡೇ ವರ್ಷಕ್ಕೆ, ಪೂರ್ತಿ ಜೀನೋಮ್ ಓದಿದ ಇನ್ನೊಂದು ತಂಡ ನಮ್ಮ ವೈರಸ್ಸೂ ಇದರ ಹತ್ರದ ಸಂಬಂಧಿ ಸೌದಿಯ ಅಲ್ಖುರ್ಮಾ ವೈರಸ್ಸೂ ಬೇರೆಯಾಗಿ ಸುಮಾರು 700 ವರ್ಷ ಆಗಿರ್ಬಹುದು ಅಂತು. ಎರಡೂ ಬೇರೆ ಬೇರೆ ಕವಲಿನ ಲೆಕ್ಕ, ಆದ್ರೂ ವೈರಸ್ಸು ಹಳೇದು ಅನ್ನೋ ಎರಡನೇದೇ ನನಗೆ ಹೆಚ್ಚು ಒಪ್ಪಿಗೆ. ವೈರಸ್ಸು ಕಾಡಲ್ಲಿ ಮೊದಲೇ ಇತ್ತು, ಕಾಡು ಕಡಿದು ದನ ಬಿಟ್ಟು ಗದ್ದೆ ಮಾಡ್ಕೊಂಡು ಒಳಗೆ ಹೋದಾಗ ಎದುರಾಯ್ತು ಅನ್ನೋದು ಮಲೆನಾಡು ನೋಡಿದವರಿಗೆ ಅರ್ಥ ಆಗುತ್ತೆ.

ಹಂಗಾದ್ರೆ ಲಸಿಕೆ? 1957ರ ತಳಿಯನ್ನೇ ಕೋಳಿ ಭ್ರೂಣದ ಕೋಶಗಳಲ್ಲಿ ಬೆಳೆಸಿ ಫಾರ್ಮಲಿನ್ ಹಾಕಿ ಕೊಂದು ಮಾಡಿದ್ದು. ಶುರುವಿನ ಪರೀಕ್ಷೆಗಳಲ್ಲಿ ಎರಡು ಡೋಸಿಗೆ 93.5% ರಕ್ಷಣೆ ಅಂತ ಬಂದಿತ್ತು. 2005ರಿಂದ 2010ರ ಲೆಕ್ಕ ತೆಗೆದು 2013ರಲ್ಲಿ ಹಾಕಿದ ವರದೀಲಿ ಎರಡು ಡೋಸಿಗೆ 62.4%, ಬೂಸ್ಟರ್ ಸೇರಿದ್ರೆ 82.9%, ಒಂದೇ ಡೋಸಿಗೆ ಹೇಳ್ಕೊಳ್ಳೋವಂಥ ರಕ್ಷಣೆನೇ ಇಲ್ಲ. ಈ ಕುಸಿತಾನ ಬರೀ ಮ್ಯುಟೇಶನ್ ತಲೆಗೆ ಕಟ್ಟೋದು ಕಷ್ಟ, ಅಷ್ಟು ಚಿಕ್ಕ ಬದಲಾವಣೇಲಿ. ತಯಾರಾದ ಲಸಿಕೆಯ ಗುಣಮಟ್ಟ, ಡೋಸ್ ತಪ್ಪೋದು, ರಕ್ಷಣೆ ಬೇಗ ಇಳಿಯೋದು, ಎಲ್ಲಾ ಸೇರಿದೆ. ಚುಚ್ಚಿದ ಜಾಗ ವಿಪರೀತ ನೋವು, ಸಾಲದ್ದಕ್ಕೆ ಬೂಸ್ಟರ್ ಆದ್ಮೇಲೂ ವರ್ಷ ವರ್ಷ ಹಾಕಿಸ್ಬೇಕು. ಅಡಿಕೆ ಕೊನೆಕೊಯ್ಲಿನ ಹೊತ್ತಲ್ಲಿ ತೋಳು ಎತ್ತೋಕಾಗ್ದೆ ಮಲಗೋಕೆ ಕೂಲಿಯವ್ರಿಗೆ ಎಲ್ಲಿ ಪುರುಸೊತ್ತು? ಅವರನ್ನ ಅಸಡ್ಡೆ ಅನ್ನೋದು ಅನ್ಯಾಯ.

2018ರ ಕೊನೇಲಿ ಸಾಗರ ತಾಲೂಕಿನ ಅರಳಗೋಡು ಭಾಗದಲ್ಲಿ ಕಾಯಿಲೆ ಎದ್ದಾಗ ಈ ಪ್ರಶ್ನೆಗಳೆಲ್ಲಾ ಒಟ್ಟಿಗೇ ಬಂದ್ವು, 2022ರಲ್ಲಿ ಹಳೇ ಲಸಿಕೆ ನಿಂತೇ ಹೋಯ್ತು. ಈಗ ಉಣುಗು ಕಚ್ಚದ ಹಾಗೆ ಮೈಗೆ ಹಚ್ಚೋ ಎಣ್ಣೆ, ಕಾಡಿಂದ ಬಂದ್ಮೇಲೆ ಬಿಸಿನೀರಿನ ಸ್ನಾನ, ಸತ್ತ ಮಂಗ ಕಂಡ್ರೆ ಮುಟ್ಟದೇ ತಿಳಿಸೋದು, ಇಷ್ಟೇ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮುಂದಾಳತ್ವದಲ್ಲಿ ಹೊಸ ಲಸಿಕೆ ಕೆಲಸ ನಡೀತಿದೆ. ಅದು ಬಂದಾಗ ಮೊದಲ ಎರಡು ಡೋಸ್ ಕೊನೆಕೊಯ್ಲಿಗೆ ಮುಂಚೆ, ಮಳೆಗಾಲದಲ್ಲೇ ಮುಗೀಬೇಕು, ಪ್ರತಿ ಸೀಸನ್ನಲ್ಲಿ ಸಿಕ್ಕ ವೈರಸ್ಸಿನ ಜೀನೋಮ್ ಓದಿ ಫಲಿತಾಂಶ ಅದೇ ವರ್ಷ ಇಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ್ ಕೈಗೆ ಸಿಗಬೇಕು.