‘ಬಲವಂತ ಮಾಡಿ ಸಹಿ ಹಾಕಿಸಿಕೊಂಡರು’ ಅಂದರೆ ಸಾಲದು

ಹಾಸನದ ನನ್ನ ಆಫೀಸಿಗೆ ಆಸ್ತಿ ವಿಷಯಕ್ಕೆ ಬರುವವರಲ್ಲಿ ಬಹಳ ಜನ ಇದೇ ಮಾತಿನಿಂದ ಶುರು ಮಾಡುತ್ತಾರೆ. "ಸಾರ್, ಬಲವಂತ ಮಾಡಿ ಸಹಿ ಹಾಕಿಸಿಕೊಂಡರು." ಯಾರು? "ಎಲ್ಲರೂ." ಏನಂದರು? "ಒಂದಾ ಎರಡಾ, ಹಿಂಸೆ ಕೊಟ್ಟರು." ಯಾವತ್ತು? "ಮೊದಲಿಂದಲೂ ಹಂಗೇ."

ಇದರ ಮೇಲೆ ದಾವೆ ಹೂಡಲು ಆಗುವುದಿಲ್ಲ. ಬಲವಂತ ಅಂತ ಆರೋಪ ಮಾಡುವವರು ಅದರ ವಿವರವನ್ನೂ ತಾರೀಖನ್ನೂ ದಾವೆಯಲ್ಲೇ ಬರೆಯಬೇಕು ಅಂತ ಸಿವಿಲ್ ಪ್ರಕ್ರಿಯಾ ಸಂಹಿತೆ ಹೇಳುತ್ತದೆ. ನಿಮಗೆ ನೋವಾಗಿಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ ಕೋರ್ಟ್ ಕೇಳುವುದು ಬೇರೆ ಪ್ರಶ್ನೆ. ನೀವು ಸಹಿ ಹಾಕಲ್ಲ ಅಂದಿದ್ದರೆ, ಯಾರು ಏನು ಮಾಡುತ್ತೇನೆ ಅಂದಿದ್ದರು?

1872ರ ಕರಾರು ಕಾಯ್ದೆಯ 15ನೇ ಕಲಂ ಪ್ರಕಾರ ಬಲವಂತ ಆಗುವುದು ಎರಡು ದಾರಿಯಲ್ಲಿ. ಒಂದು, ದಂಡ ಸಂಹಿತೆ ನಿಷೇಧಿಸಿದ ಕೆಲಸ ಮಾಡುವುದು, ಇಲ್ಲವೇ ಮಾಡುತ್ತೇನೆ ಅಂತ ಹೆದರಿಸುವುದು. ಇನ್ನೊಂದು, ಯಾರದಾದರೂ ಸ್ವತ್ತನ್ನು ಅಕ್ರಮವಾಗಿ ಹಿಡಿದಿಟ್ಟುಕೊಳ್ಳುವುದು, ಅಥವಾ ಹಿಡಿದಿಡುತ್ತೇನೆ ಅನ್ನುವುದು. ಎರಡೂ ನಿಮ್ಮಿಂದ ಒಪ್ಪಂದ ಮಾಡಿಸುವ ಉದ್ದೇಶಕ್ಕೇ ಆಗಿರಬೇಕು. ಕಾಫಿ ರೇಟು ಬಿತ್ತು, ಬ್ಯಾಂಕಿನವರು ಕೇಸು ಹಾಕುತ್ತೇವೆ ಅಂದರು, ಬೇರೆ ದಾರಿ ಕಾಣದೆ ತೋಟ ಬಂದಷ್ಟಕ್ಕೆ ಕೊಟ್ಟೆ ಅಂದರೆ ಅದು ಕಷ್ಟ, ಕಾನೂನಿನ ಬಲವಂತ ಅಲ್ಲ. ನ್ಯಾಯವಾಗಿ ಬರಬೇಕಾದ ಸಾಲಕ್ಕೆ ಕೋರ್ಟಿಗೆ ಹೋಗುತ್ತೇನೆ ಅನ್ನುವುದು ಅಪರಾಧ ಅಲ್ಲ, ಅಲ್ವಾ?

ಆಲೂರು ಕಡೆಯ ಒಬ್ಬ ಹೆಣ್ಣುಮಗಳು ತವರಿನ ಆಸ್ತಿಗೆ ಹಕ್ಕು ಬಿಡುಗಡೆ ಪತ್ರ ಬರೆದುಕೊಟ್ಟು ಬಂದಿದ್ದರು. ಅಣ್ಣ ಬೈದದ್ದು, ಅತ್ತಿಗೆ ಮುಖ ತಿರುಗಿಸಿದ್ದು, ಇನ್ನು ತವರಿಗೆ ಕಾಲಿಡಬೇಡ ಅಂದದ್ದು, ಎಲ್ಲ ಅಳುತ್ತಾ ಹೇಳಿದರು. ಇದ್ಯಾವುದೂ ಆ ಕಲಂ ಒಳಗೆ ಬರುವುದಿಲ್ಲ. ಎದ್ದು ಹೊರಡುವಾಗ ಸುಮ್ನೆ ಮಾತಿಗೆ ಅಂದಂತೆ, "ನನ್ನ ಒಡವೆ ಅಮ್ಮನ ಬೀರುವಿನಲ್ಲಿತ್ತು, ಸಹಿ ಹಾಕಿದ ಮೇಲೇ ಕೊಟ್ಟಿದ್ದು" ಅಂದರು. ಅಯ್ಯೋ ತಾಯಿ, ಇದನ್ನಲ್ಲವೇ ಮೊದಲು ಹೇಳಬೇಕಾದದ್ದು! ಮನೆಯವರ ಮರ್ಯಾದೆ ಹೋಗುತ್ತದೆ ಅಂತ ಮುಚ್ಚಿಟ್ಟಿದ್ದರಂತೆ. ನನಗೆ ಸಿಟ್ಟೂ ಬಂತು, ಪಾಪ ಅಂತಲೂ ಅನಿಸಿತು.

ಬಾವಿಗೆ ಬೀಳುತ್ತೇನೆ, ವಿಷ ಕುಡಿಯುತ್ತೇನೆ ಅನ್ನುವ ಬೆದರಿಕೆಯನ್ನೂ ಜನ ಹೀಗೇ ಮುಚ್ಚಿಡುತ್ತಾರೆ. 1917ರಲ್ಲಿ ಮದ್ರಾಸ್ ಹೈಕೋರ್ಟಿನ ಮುಂದೆ ಇಂಥದ್ದೇ ಪ್ರಕರಣ ಬಂದಿತ್ತು. ಗಂಡ ಪ್ರಾಣ ಕಳೆದುಕೊಳ್ಳುತ್ತೇನೆ ಅಂತ ಹೆದರಿಸಿ, ಹೆಂಡತಿ ಮಗನಿಂದ ತನ್ನ ಸಹೋದರನ ಹೆಸರಿಗೆ ಹಕ್ಕು ಬಿಡುಗಡೆ ಬರೆಸಿಕೊಂಡಿದ್ದ. ನ್ಯಾಯಮೂರ್ತಿಗಳಲ್ಲಿ ಒಮ್ಮತ ಇರಲಿಲ್ಲ, ಆದರೆ ಬಹುಮತದ ತೀರ್ಪು ಅದು ಬಲವಂತವೇ ಅಂತ ಬಂತು.

ಬೆದರಿಕೆಯೇ ಇಲ್ಲದೆ, ನಿಮ್ಮನ್ನು ಸಾಕುತ್ತಿರುವವರು ಆ ಹಿಡಿತ ಬಳಸಿ ಅನ್ಯಾಯದ ಪತ್ರ ಬರೆಸಿಕೊಂಡಿದ್ದರೆ ಅದಕ್ಕೆ 16ನೇ ಕಲಂ ಇದೆ, ಅನುಚಿತ ಪ್ರಭಾವ. ಅದರ ವಾದವೇ ಬೇರೆ. ಅದಕ್ಕೇ ನಡೆದದ್ದನ್ನು ನಡೆದಂತೆ ಹೇಳಿ ಅನ್ನುವುದು. ಯಾವ ಕಲಂ ಅಂತ ನಾವು ನೋಡಿಕೊಳ್ಳುತ್ತೇವೆ.

ಇನ್ನೊಂದು ವಿಷಯ. ಬಲವಂತದ ಪತ್ರ ತಾನಾಗಿಯೇ ರದ್ದಾಗುವುದಿಲ್ಲ. ನೀವು ಕೋರ್ಟಿನಲ್ಲಿ ರದ್ದು ಮಾಡಿಸುವವರೆಗೆ ಅದು ನಡೆಯುತ್ತದೆ. ಅದಕ್ಕೆ ಸಾಮಾನ್ಯವಾಗಿ 3 ವರ್ಷದ ಗಡುವು. ರದ್ದು ಕೇಳಲು ಕಾರಣವಾದ ಸಂಗತಿ ನಿಮಗೆ ತಿಳಿದ ದಿನದಿಂದ ಲೆಕ್ಕ, ಹೆದರಿ ಸಹಿ ಹಾಕಿದವರಿಗೆ ಅದು ಅವತ್ತೇ ತಿಳಿದಿರುತ್ತದೆ. ಈ ನಡುವೆ ಅವರು ಕೊಟ್ಟ ದುಡ್ಡು ತಗೊಂಡು ಮನೆ ಕಟ್ಟಿದರೆ, ನೀವು ಪತ್ರಕ್ಕೆ ಒಪ್ಪಿದ್ದೀರಿ ಅಂತ ಎದುರಿನ ವಕೀಲರು ಹಿಡಿದೇ ಹಿಡಿಯುತ್ತಾರೆ. ಒಂದೊಂದು ಪ್ರಕರಣ ಒಂದೊಂದು ಥರ, ಇದನ್ನು ಓದಿ ನೀವೇ ತೀರ್ಮಾನಕ್ಕೆ ಬರಬೇಡಿ. ಬರುವಾಗ ನೋಂದಣಿಯಾದ ಪತ್ರದ ನಕಲು ತನ್ನಿ. ಫೋನಿನಲ್ಲಿರುವ ಮೆಸೇಜು ಅಳಿಸಬೇಡಿ. ಅವತ್ತು ಯಾರು ಏನಂದರು ಅನ್ನುವುದನ್ನು, ನಾಚಿಕೆ ಆಗುವ ಮಾತೂ ಸೇರಿಸಿ, ಒಂದು ಹಾಳೆಯಲ್ಲಿ ಬರೆದು ತನ್ನಿ.