ಲೇಕ್ ಏರ್‌ಗೆ ಯಾವಾಗ ಹೋದರೆ ನೀರು ಸಿಗುತ್ತೆ?

ಓದುಗರ ಪ್ರಶ್ನೆ: ಆಸ್ಟ್ರೇಲಿಯಾದ ಲೇಕ್ ಏರ್‌ಗೆ ನೀರು ಬಂದ ವಿಡಿಯೊ ನೋಡಿದಾಗಿನಿಂದ ಒಮ್ಮೆ ಹೋಗಿಬರಬೇಕು ಅನ್ನಿಸುತ್ತಿದೆ. ಆದರೆ ಅಷ್ಟು ದೂರ ಹೋಗಿ ಬರೀ ಉಪ್ಪು ನೋಡಿ ಬರುವ ಹಾಗಾದರೆ? ಯಾವ ತಿಂಗಳು ಹೋದರೆ ನೀರು ಖಂಡಿತ ಇರುತ್ತೆ?

ಖಂಡಿತ ಅನ್ನುವ ತಿಂಗಳು ಅಲ್ಲಿಲ್ಲ. ಆದರೆ ಈ ಸಲ ನೀರು ಬರುತ್ತಾ ಇಲ್ವಾ ಅನ್ನುವುದನ್ನು ಕೆಲವು ವಾರ ಮೊದಲೇ ತಿಳಿಯಬಹುದು. ಅದಕ್ಕೆ ಸರೋವರದ ಮೇಲಿನ ಆಕಾಶ ನೋಡಿ ಪ್ರಯೋಜನವಿಲ್ಲ. ನೂರಾರು ಕಿ.ಮೀ. ಆಚೆ, ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ ಮಳೆ ಹೇಗಾಗಿದೆ ಅಂತ ನೋಡಬೇಕು.

ಈ ಸರೋವರ ಇರುವುದು ದಕ್ಷಿಣ ಆಸ್ಟ್ರೇಲಿಯಾದಲ್ಲಿ, ಅಡಿಲೇಡ್‌ನಿಂದ ಉತ್ತರಕ್ಕೆ ಸುಮಾರು 700 ಕಿ.ಮೀ. ದೂರದಲ್ಲಿ. ಅದು ಇಡೀ ದೇಶದ ಅತಿ ತಗ್ಗಿನ ಜಾಗ, ಸಮುದ್ರಮಟ್ಟಕ್ಕಿಂತ ಸುಮಾರು 15 ಮೀಟರ್ ಕೆಳಗಿದೆ. ಅಲ್ಲಿ ವರ್ಷಕ್ಕೆ ಬೀಳುವ ಮಳೆ 125 ಮಿ.ಮೀ. ಆಸುಪಾಸು. ಬಿಸಿಲು ಮಾತ್ರ ವರ್ಷಕ್ಕೆ ಎರಡು ಮೀಟರ್‌ಗೂ ಜಾಸ್ತಿ ನೀರನ್ನು ಆವಿ ಮಾಡಬಲ್ಲದು. ಹಾಗಾಗಿ ಅಲ್ಲಿನ ಮಳೆಯಿಂದ ಅದು ತುಂಬುವ ಮಾತೇ ಇಲ್ಲ.

ನೀರು ಬರುವುದು ಡೈಮಂಟಿನಾ, ಜಾರ್ಜಿನಾ, ಅಪರೂಪಕ್ಕೆ ಕೂಪರ್ ಕ್ರೀಕ್ ಎಂಬ ನದಿಗಳಿಂದ. ಕ್ವೀನ್ಸ್‌ಲ್ಯಾಂಡ್‌ನ ಪಶ್ಚಿಮ ಭಾಗದಲ್ಲಿ ಬೇಸಿಗೆಯ ಮಳೆ ಜೋರಾದಾಗ, ಅಂದರೆ ಅಲ್ಲಿನ ಜನವರಿಯಿಂದ ಏಪ್ರಿಲ್ ಒಳಗೆ, ಈ ನದಿಗಳು ಉಕ್ಕುತ್ತವೆ. ಆ ನೆಲಕ್ಕೆ ಇಳಿಜಾರು ಅನ್ನುವುದೇ ಕಡಿಮೆ. ನೀರು ನೂರಾರು ಸಣ್ಣ ಕವಲುಗಳಾಗಿ ಒಡೆದು, ಹರಡಿ, ನೆಲಕ್ಕೆ ಇಂಗಿ, ಮಿಕ್ಕಿದ್ದು ಮುಂದೆ ತೆವಳುತ್ತದೆ. ಹೀಗೆ ಸರೋವರ ಮುಟ್ಟಲು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬೇಕು. ಎಷ್ಟೋ ಪ್ರವಾಹಗಳು ಮುಟ್ಟುವುದೇ ಇಲ್ಲ. ಮುಟ್ಟಿದ ನೀರಿಗೆ ಆಮೇಲೆ ಎಲ್ಲಿಗೂ ಹೋಗಲು ದಾರಿಯಿಲ್ಲ. ಈ ಸರೋವರಕ್ಕೆ ಕೋಡಿಯೇ ಇಲ್ಲ. ಒಳಗೆ ಬಂದದ್ದು ಆವಿಯಾಗಿಯೇ ಹೋಗಬೇಕು, ಉಪ್ಪು ಅಲ್ಲೇ ಉಳಿಯಬೇಕು.

2025ರಲ್ಲಿ ಆದದ್ದು ಇದೇ. ಮಾರ್ಚ್ ಕೊನೆಯಲ್ಲಿ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಭಾರಿ ಮಳೆ ಬಂತು. ಮೇ ಹೊತ್ತಿಗೆ ನೀರು ಸರೋವರದೊಳಗೆ ಹರಿಯತೊಡಗಿತು. ನೀವೂ ಇದೇ ಲೆಕ್ಕ ಹಿಡಿಯಿರಿ. ಏಪ್ರಿಲ್‌ವರೆಗೆ ಮೇಲಿನ ನದಿಗಳ ಸುದ್ದಿ ಗಮನಿಸಿ, ಪ್ರವಾಹ ದೊಡ್ಡದಾಗಿದ್ದರೆ ಜೂನ್‌ನಿಂದ ಆಗಸ್ಟ್‌ಗೆ ಟಿಕೆಟ್ ಮಾಡಿ. ಅದು ಅಲ್ಲಿನ ಚಳಿಗಾಲ. ಹಗಲು ಹಿತವಾಗಿರುತ್ತದೆ, ರಾತ್ರಿ ಗಡಗಡ ನಡುಗುವಷ್ಟು ಚಳಿ. ಬೇಸಿಗೆಯಲ್ಲಂತೂ ಹೋಗಲೇಬೇಡಿ. ಅದೇ ಸೀಮೆಯ ಊಡ್ನಡಾಟ್ಟಾ ಊರಲ್ಲಿ 1960ರ ಜನವರಿ 2ರಂದು 50.7 ಡಿಗ್ರಿ ಬಿಸಿಲು ದಾಖಲಾಗಿತ್ತು.

‘ತುಂಬಿದೆ’ ಅನ್ನುವ ಮಾತನ್ನೂ ಸ್ವಲ್ಪ ಅಳೆದು ನೋಡಬೇಕು. ಒಂದೂವರೆ ಮೀಟರ್ ಆಳದ ನೀರು ಮೂರು ವರ್ಷಕ್ಕೊಮ್ಮೆ, ನಾಲ್ಕು ಮೀಟರ್ ಆಳದ್ದು ಹತ್ತು ವರ್ಷಕ್ಕೊಮ್ಮೆ ಬರುತ್ತದೆ ಅನ್ನುವುದು ಸರಾಸರಿ ಲೆಕ್ಕ. ಪೂರ್ತಿ ತುಂಬುವುದು ನೂರು ವರ್ಷದಲ್ಲಿ ಕೆಲವೇ ಸಲ. ದಾಖಲೆಯಲ್ಲಿರುವ ಅತಿ ದೊಡ್ಡ ನೀರು 1974ರದ್ದು, ಸುಮಾರು ಆರು ಮೀಟರ್ ಆಳ. ನೀರು ಬಂದ ಉಳಿದ ವರ್ಷಗಳಲ್ಲಿ ಸಿಗುವುದು ತೆಳ್ಳಗೆ ಹಾಸಿದ ನೀರು. ಗಾಳಿ ಜೋರಾದರೆ ಆ ನೀರೇ ಜಾಗ ಬದಲಿಸುತ್ತದೆ. ನಿನ್ನೆ ದಡದಲ್ಲಿದ್ದದ್ದು ಇವತ್ತು ದೂರದಲ್ಲಿ ಒಂದು ಬೆಳ್ಳಿ ಗೆರೆ.

ಅದಕ್ಕೇ ನನ್ನನ್ನು ಕೇಳಿದರೆ, ದುಡ್ಡು ಸ್ವಲ್ಪ ಜಾಸ್ತಿಯಾದರೂ ಸಣ್ಣ ವಿಮಾನದಲ್ಲಿ ನೋಡಿ. ಮರ್ರೀ, ವಿಲಿಯಂ ಕ್ರೀಕ್, ಕೂಬರ್ ಪೀಡಿ ಎಂಬ ಊರುಗಳಿಂದ ಹಾರಾಟಗಳಿವೆ. ತುಂಬಿದಾಗ 9,500 ಚದರ ಕಿ.ಮೀ. ಹರಡುವ ಸರೋವರ ಅದು, ದಡದಲ್ಲಿ ನಿಂತವರಿಗೆ ಅದರ ಒಂದು ಅಂಚು ಮಾತ್ರ ಕಾಣುತ್ತದೆ. ಬಿಳಿ ಉಪ್ಪಿನ ಮೇಲೆ ಕಂದು ನೀರು ಬೆರಳು ಬೆರಳಾಗಿ ನುಗ್ಗುವುದು, ನೀರು ಇಂಗುತ್ತಾ ಉಪ್ಪು ಗಟ್ಟಿಯಾದಂತೆ ಪಾಚಿಯಿಂದ ಅಂಚು ಗುಲಾಬಿ ಬಣ್ಣಕ್ಕೆ ತಿರುಗುವುದು, ಇವೆಲ್ಲ ಮೇಲಿನಿಂದಲೇ ಚೆನ್ನ.

ರಸ್ತೆಯಲ್ಲೇ ಹೋಗುವಿರಾದರೆ ಒಂದು ವಿಚಿತ್ರ ನೆನಪಿರಲಿ. ದೂರದ ಮಳೆ ಸರೋವರಕ್ಕೆ ನೀರು ತಂದರೆ, ಅಲ್ಲೇ ಬಿದ್ದ ಮಳೆ ನಿಮ್ಮ ದಾರಿ ಮುಚ್ಚುತ್ತದೆ. ಸರೋವರದ ಕಡೆಗೆ ಹೋಗುವ ಊಡ್ನಡಾಟ್ಟಾ ಟ್ರ್ಯಾಕ್ ಡಾಂಬರಿಲ್ಲದ ಮಣ್ಣಿನ ದಾರಿ. ಒಂದು ಹದ ಮಳೆಗೇ ಅದು ಅಂಟು ಕೆಸರಾಗುತ್ತದೆ, ಸರ್ಕಾರ ಸಂಚಾರ ನಿಲ್ಲಿಸುತ್ತದೆ, ಮುಚ್ಚಿದ ದಾರಿಯಲ್ಲಿ ಹೋದರೆ ದಂಡ ಬೀಳುತ್ತದೆ. ಕಾರಿನ ವೇಗದ ದಾಖಲೆಗಾಗಿ ಬ್ರಿಟನ್ನಿನ ಡೊನಾಲ್ಡ್ ಕ್ಯಾಂಬೆಲ್ 1963ರಲ್ಲಿ ಈ ಒಣ ಉಪ್ಪಿನ ಬಯಲಿಗೆ ಬಂದಿದ್ದರು. ಮಳೆ ಬಂದು ಬಯಲೇ ಮುಳುಗಿತು, ವಾಪಸ್ ಹೋಗಬೇಕಾಯಿತು. ಮರುವರ್ಷ ಜುಲೈ 17ರಂದು ಅದೇ ಉಪ್ಪಿನ ಮೇಲೆ ಗಂಟೆಗೆ 648 ಕಿ.ಮೀ. ವೇಗದಲ್ಲಿ ಬ್ಲೂಬರ್ಡ್ ಓಡಿಸಿ ದಾಖಲೆ ಮಾಡಿದರು. ಹಾಗಾಗಿ ಪ್ರವಾಸಕ್ಕೆ ಎರಡು ಮೂರು ದಿನ ಹೆಚ್ಚುವರಿ ಇಟ್ಟುಕೊಳ್ಳಿ.

ವಿಲಿಯಂ ಕ್ರೀಕ್ ಕಡೆಯಿಂದ ಸರೋವರದ ದಡದ ಹ್ಯಾಲಿಗನ್ ಬೇಗೆ ಹೋಗುವ ಸುಮಾರು 60 ಕಿ.ಮೀ. ದಾರಿಗೆ ಫೋರ್ ವೀಲ್ ಡ್ರೈವ್ ಬೇಕೇ ಬೇಕು. ಮೊಬೈಲ್ ಸಿಗ್ನಲ್ ಇರುವುದಿಲ್ಲ. ಸ್ಯಾಟಲೈಟ್ ಫೋನ್ ಬಾಡಿಗೆಗೆ ತೆಗೆದುಕೊಳ್ಳಿ, ಲೆಕ್ಕಕ್ಕಿಂತ ಹೆಚ್ಚು ಕುಡಿಯುವ ನೀರು ಒಯ್ಯಿರಿ, ಯಾವಾಗ ವಾಪಸ್ ಬರುತ್ತೀರಿ ಅಂತ ಯಾರಿಗಾದರೂ ಹೇಳಿ ಹೋಗಿ. ಗಾಡಿ ಹೂತುಹೋದರೆ ಅದರ ಪಕ್ಕದಲ್ಲೇ ಇರಿ, ದಯವಿಟ್ಟು. 1998ರ ಡಿಸೆಂಬರ್‌ನಲ್ಲಿ ಆ ದಾರಿಯಲ್ಲಿ ಇಬ್ಬರು ಪ್ರವಾಸಿಗರ ಗಾಡಿ ಮರಳಿನಲ್ಲಿ ಸಿಕ್ಕಿಕೊಂಡಿತು. ನೆರವು ಹುಡುಕಿ ನಡೆದು ಹೊರಟವರಲ್ಲಿ ಒಬ್ಬರು ದಾರಿಯಲ್ಲೇ ತೀರಿಕೊಂಡರು. ಗಾಡಿಯ ಹತ್ತಿರಕ್ಕೆ ಮರಳಿದ ಇನ್ನೊಬ್ಬರು ಬದುಕಿದರು.

ದಡ ತಲುಪಿದ ಮೇಲೆ ಸರೋವರದ ಒಳಗೆ ಕಾಲಿಡಬೇಡಿ. ಅದು ಅಲ್ಲಿನ ಮೂಲನಿವಾಸಿಗಳಾದ ಅರಬಾನ ಜನರ ಪವಿತ್ರ ಜಾಗ. ಅವರಿಗೆ ಅದರ ಹೆಸರು ಕಾಟಿ ಥಾಂಡ. 2012ರಿಂದ ಅಧಿಕೃತ ಹೆಸರೂ ಕಾಟಿ ಥಾಂಡ–ಲೇಕ್ ಏರ್. ಅಲ್ಲಿ ಈಜುವುದು, ದೋಣಿ ಬಿಡುವುದು, ಉಪ್ಪಿನ ಮೇಲೆ ಗಾಡಿ ಓಡಿಸುವುದು, ಸುಮ್ನೆ ನಡೆಯುವುದೂ ಪ್ರವಾಸಿಗರಿಗೆ ಈಗ ನಿಷಿದ್ಧ. ಒಂದು ಫೋಟೊಗಾಗಿ ನಾಲ್ಕು ಹೆಜ್ಜೆ ಇಟ್ಟರೆ ಏನಾಗುತ್ತೆ ಅಂತ ಅನ್ನಿಸಬಹುದು. ತೆಳು ಉಪ್ಪಿನ ಪದರ ಒಡೆದರೆ ಕೆಳಗಿರುವುದು ಕಪ್ಪು ಕೆಸರು, ನಿಮ್ಮ ಹೆಜ್ಜೆ ಗುರುತು ಮುಂದಿನ ನೀರು ಬರುವತನಕ ಉಳಿಯಬಹುದು.

ಆ ಉಪ್ಪಿನಲ್ಲಿ ಸಾಸಿವೆಗಿಂತ ಸಣ್ಣ ಮೊಟ್ಟೆಗಳು ವರ್ಷಗಟ್ಟಲೆ ಒಣಗಿ ಬಿದ್ದಿರುತ್ತವೆ. ಉಪ್ಪುನೀರಿನ ಪುಟ್ಟ ಸೀಗಡಿಗಳ ಮೊಟ್ಟೆ. ನೀರು ತಾಗಿದರೆ ಸಾಕು, ಒಡೆದು ಮರಿಗಳಾಗುತ್ತವೆ. ಅವನ್ನು ತಿನ್ನಲು ಬ್ಯಾಂಡೆಡ್ ಸ್ಟಿಲ್ಟ್ ಎಂಬ ಉದ್ದ ಕಾಲಿನ ಹಕ್ಕಿಗಳು ಕರಾವಳಿಯಿಂದ ನೂರಾರು ಕಿ.ಮೀ. ಹಾರಿ ಕೆಲವೇ ದಿನಗಳಲ್ಲಿ ಬಂದಿಳಿಯುತ್ತವೆ. ನದಿಗಳು ಮೀನು ತರುತ್ತವೆ, ಮೀನಿಗಾಗಿ ಪೆಲಿಕನ್ ಬರುತ್ತವೆ. ನೀವು ವಿಡಿಯೊದಲ್ಲಿ ನೋಡಿದ್ದು ಬಹುಶಃ ಅವನ್ನೇ. ನೀರಿಂಗಿ ಉಪ್ಪೇರಿದ ಹಾಗೆ ಮೀನು ಸಾಯುತ್ತವೆ, ಹಕ್ಕಿಗಳು ಹೊರಟುಬಿಡುತ್ತವೆ.

ಇನ್ನು, ಬರೀ ಉಪ್ಪು ನೋಡಬೇಕಾದೀತು ಅನ್ನುವ ನಿಮ್ಮ ಭಯ. ಒಣಗಿದ ವರ್ಷದಲ್ಲೂ ಅಲ್ಲಿ ಒಂದು ಬಿಳಿ ಹಲ್ಲಿ ಇರುತ್ತದೆ, ಮೈಮೇಲೆ ಕಪ್ಪು ಚುಕ್ಕೆ, ಲೇಕ್ ಏರ್ ಡ್ರ್ಯಾಗನ್ ಅಂತ ಹೆಸರು. ಉಪ್ಪಿನ ಪದರದ ಕೆಳಗೆ ಮನೆ ಮಾಡಿ, ಇರುವೆ ತಿಂದು ಬದುಕುತ್ತದೆ. ಬೆಳಗಿನ ಎಳೆಬಿಸಿಲಲ್ಲಿ ದಡದಲ್ಲಿ ಅಲುಗಾಡದೆ ಕೂತು, ಬೈನಾಕ್ಯುಲರ್ ಹಿಡಿದು ಉಪ್ಪಿನ ಅಂಚು ನೋಡುತ್ತಿರಿ.